ಎತ್ತುವವಳು

"ಇಬ್ಬರೂ ಒಂದೇ ಮನೆಯವರಲ್ವಾ? ಹಾಗಾದ್ರೆ ಒಬ್ಬರು ಕೆಲಸ ಬಿಡಿ. ಯಾರು ಅಂತ ಮನೇಲೇ ಮಾತಾಡ್ಕೊಂಡು ಬನ್ನಿ," ಎಂದರು ನಗರಸಭೆಯ ಸಾಹೇಬರು, ಚಹಾನಾ ಕಾಫೀನಾ ಎಂದು ಕೇಳುವವರ ಹಾಗೆ.

ಬೀದಿ ಗುಡಿಸುವ ಓರಗಿತ್ತಿಯರಿಬ್ಬರೂ ಬಾಗಿಲ ಬಳಿ ನಿಂತಿದ್ದರು. ಸಾಹೇಬರ ಮೇಜಿನ ಮೇಲೆ ದೊಡ್ಡ ಹೂಗುಚ್ಛವಿತ್ತು. ಖರ್ಚು ಇಳಿಸುವ ಬಗ್ಗೆ ಹಿಂದಿನ ದಿನ ನಡೆದ ಸಭೆಯಲ್ಲಿ ಅವರಿಗೆ ಕೊಟ್ಟದ್ದು.

"ಸಾರ್, ಅಕ್ಕನಿಗೆ ಸೊಂಟ ಬಗ್ಗಲ್ಲ," ಎಂದಳು ಕಿರಿಯವಳು. "ಅವಳು ಗುಡಿಸ್ತಾಳೆ, ನಾನು ಎತ್ತಿ ಗಾಡಿಗೆ ಹಾಕ್ತೀನಿ. ಒಬ್ಬರಿಂದ ಆಗೋ ಕೆಲಸ ಅಲ್ಲ."

"ಊರಿಗೆ ಊರೇ ಅಂಗಡಿ ಮುಚ್ಚಿ ಕೂತಿದೆ ಕಣಮ್ಮ. ತೆರಿಗೆ ಬರ್ತಿಲ್ಲ. ನನ್ನ ಜೇಬಿಂದ ಕೊಡ್ಲಾ?"

"ಮುಚ್ಚೋರೆಲ್ಲ ಒಳಗಿನ ಕಸಾನ ಬೀದಿಗೇ ಸುರಿದು ಹೋಗ್ತಿದ್ದಾರಲ್ಲ ಸಾರ್. ಕೆಲಸ ಹೆಚ್ಚಾಗಿದೆಯೇ ಹೊರತು ಕಮ್ಮಿಯಾಗಿಲ್ಲ," ಎಂದಳು ಹಿರಿಯವಳು. ಸಾಹೇಬರು ಆಗಲೇ ಫೋನಿಗೆ ಕಿವಿ ಕೊಟ್ಟಾಗಿತ್ತು.

ಅವರ ಗಂಡಂದಿರಾದ ಅಣ್ಣತಮ್ಮಂದಿರು ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆ ನಡೆಯುತ್ತಿದ್ದುದೇ ಈ ಇಬ್ಬರಿಂದ. ಆ ಸಂಜೆ ಊಟಕ್ಕೆ ಇಬ್ಬರೂ ಬೇರೆ ಬೇರೆ ಮೂಲೆ ಹಿಡಿದರು. ದಿನವೂ ಒಂದೇ ತಟ್ಟೆಗೆ ಕೈಹಾಕಿ ಜಗಳಾಡುತ್ತಿದ್ದ ಮಕ್ಕಳು ಕೂಡ ಅವರವರ ತಾಯಿಯ ಪಕ್ಕಕ್ಕೆ ಸರಿದು ಕೂತರು. ಹಿರಿಯವಳಿಗೆ ಮೈ ಉರಿದದ್ದು ಅದಕ್ಕೆ. ಕೆಲಸ ಕಿತ್ತುಕೊಂಡರೆ ಕಿತ್ತುಕೊಳ್ಳಲಿ. ಆ ಮನುಷ್ಯ ಕುರ್ಚಿ ಬಿಟ್ಟು ಏಳದೆಯೇ ತಮ್ಮ ಒಲೆಯ ಮುಂದೆ ಬಂದು ಕೂತು, ಒಬ್ಬರ ತುತ್ತನ್ನು ಇನ್ನೊಬ್ಬರು ಎಣಿಸುವ ಹಾಗೆ ಮಾಡಿದ್ದ.

"ನೀನೇ ಇರು ಅಕ್ಕ," ಎಂದಳು ಕಿರಿಯವಳು ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ. "ನಾನು ಗಟ್ಟಿಮುಟ್ಟಾಗಿದ್ದೀನಿ. ನಂಗೆ ಎಲ್ಲಾದ್ರೂ ಕೆಲಸ ಸಿಗುತ್ತೆ."

"ಎಲ್ಲೇ ಸಿಗುತ್ತೆ? ಮುಚ್ಚಿದ ಅಂಗಡೀಲಾ? ನೀನಿಲ್ದೆ ಕಸ ಯಾರೇ ಎತ್ತೋದು?"

"ಅದನ್ನ ನಿಮ್ಮ ಸಾಹೇಬರನ್ನೇ ಕೇಳು."

ಬೆಳಿಗ್ಗೆ ಹಿರಿಯವಳು ಉದ್ದ ಹಿಡಿಯ ಪೊರಕೆ ಹಿಡಿದು ಒಬ್ಬಳೇ ಹೊರಟಳು. ಪೇಟೆ ಬೀದಿಯ ಆ ತುದಿಯಿಂದ ಗುಡಿಸುತ್ತ ಬಂದಳು. ರಟ್ಟು, ಅಂಗಡಿ ಬೋರ್ಡುಗಳ ಚೂರು, ಕೊಳ್ಳುವವರಿಲ್ಲದೆ ಕೊಳೆತ ಹಣ್ಣು. ಎಂದಿನ ಹಾಗೆ ಅಲ್ಲಲ್ಲಿ ಗುಡ್ಡೆ ಮಾಡಲಿಲ್ಲ. ಎಲ್ಲವನ್ನೂ ಮುಂದಕ್ಕೆ, ಇನ್ನೂ ಮುಂದಕ್ಕೆ ತಳ್ಳಿದಳು. ಬೀದಿ ಮುಗಿಯುವುದು ನಗರಸಭೆಯ ಬಾಗಿಲಲ್ಲಿ. ಕಾವಲುಗಾರ ಹೊರಗೆಸೆದಿದ್ದ ಹೂಗುಚ್ಛವೂ ರಾಶಿಯ ತಲೆಯ ಮೇಲೆ ಬಂದು ಕೂತಿತು. ಸಾಹೇಬರ ಕಾರು ಬಂದು ನಿಂತಾಗ ಕಚೇರಿಯ ಮೆಟ್ಟಿಲು ಕಾಣುತ್ತಿರಲಿಲ್ಲ.

"ಏನಿದು? ತಲೆ ಕೆಟ್ಟಿದ್ಯಾ ನಿಂಗೆ? ತೆಗಿ ಇದನ್ನ!"

"ಗುಡಿಸೋಳು ನಾನು ಸಾರ್. ಗುಡಿಸಿದ್ದೀನಿ."

"ಇವತ್ತೇ ಕೊನೆ ನಿಂಗೆ, ತಿಳ್ಕೋ!"

ಕೆಲಸದ ಕೋಟನ್ನೂ ತಗಡಿನ ಮೊರವನ್ನೂ ಒಪ್ಪಿಸಿ ಹೋಗಲು ಬಂದಿದ್ದ ಕಿರಿಯವಳು ಗೇಟಿನಲ್ಲೇ ಬೆಚ್ಚಿ ನಿಂತಳು. ಅಕ್ಕನ ಅನ್ನವೂ ಹೋಯಿತಲ್ಲ ಎಂದು ಎದ್ದೂ ಬಿದ್ದೂ ಓಡಿ ಬಂದು, ಮೊರವನ್ನು ರಾಶಿಗೆ ಒಡ್ಡಿ ಬಗ್ಗಿದಳು.

ಹಿರಿಯವಳ ಪೊರಕೆ ಅವಳ ಕೈಗೆ ಅಡ್ಡ ಬಂತು.

"ಮುಟ್ಟಿದ್ರೆ ಜೋಕೆ," ಎಂದಳು, ಸಾಹೇಬರ ಮುಖವನ್ನೇ ನೋಡುತ್ತ. "ನಿಂಗಿಲ್ಲಿ ಕೆಲಸ ಇಲ್ಲ."