ಮಂಚದಗಲ ಹಣೆ

“ಇವನ ಕಾಲು ಎಲ್ಲಿ ಹೋಯ್ತಪ್ಪಾ?”

ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ವಸ್ತುಸಂಗ್ರಹಾಲಯದ ದೊಡ್ಡ ಹಜಾರದ ನಡುವೆ ಕಪ್ಪು ಕನ್ನಡಕದ ಮುದುಕರೊಬ್ಬರು ನಿಂತು ಬಲಗೈಯಿಂದ ಗಾಳಿಯನ್ನು ತಡವುತ್ತಿದ್ದರು. ಬಿಳಿ ಕೋಲು ಕಂಕುಳಲ್ಲಿತ್ತು. ನಿನ್ನೆಯವರೆಗೂ ಡೈನೊಸಾರಿನ ಅಸ್ಥಿಪಂಜರದ ಹಿಂಗಾಲು ಅಲ್ಲೇ ಇತ್ತು.

ಅಟ್ಟಣಿಗೆಯ ಮೇಲೆ ಕೂತು ಬೆನ್ನೆಲುಬಿನ ಬೋಲ್ಟು ಬಿಚ್ಚುತ್ತಿದ್ದ ಮೂಳೆ ಜೋಡಿಸುವಾಕೆ ಬಗ್ಗಿ ನೋಡಿದಳು. “ಹಾಲ್ ಮುಚ್ಚಿದೆ ಸಾರ್. ಬಾಗಿಲಲ್ಲಿ ಯಾರೂ ತಡೀಲಿಲ್ವಾ?”

“ತಡೆದ. ಒಂದ್ಸಲ ಕಾಲು ಮುಟ್ಟಿ ಹೋಗಿಬಿಡ್ತೀನಪ್ಪ ಅಂದೆ. ತನ್ನ ಕಾಲು ಅಂದ್ಕೊಂಡ್ನೋ ಏನೋ, ಹೌಹಾರಿ ದಾರಿ ಬಿಟ್ಟ.”

ಆಕೆ ನಗುತ್ತಲೇ ಇಳಿದು ಬಂದಳು. ಹಳೆಯವರು ಈ ಪ್ರಾಣಿಯನ್ನು ತಪ್ಪಾಗಿ ನಿಲ್ಲಿಸಿದ್ದಾರೆ, ಬಾಲ ನೆಲಕ್ಕೆ ತಾಗಬಾರದಂತೆ, ಇನ್ನು ಎತ್ತರದ ಕಟ್ಟೆ ಬರುತ್ತದೆ, ಸುತ್ತ ಗಾಜು ಬರುತ್ತದೆ ಎಂದು ವಿವರಿಸಿದಳು. “ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ ಸಾರ್.”

ಆಕೆ ಮುದುಕರ ಕೈಹಿಡಿದು ಮೂಲೆಗೆ ಕರೆದೊಯ್ದಳು. ಸ್ಪಂಜಿನ ಹಾಸಿಗೆಯ ಮೇಲೆ ಕಾಲಿನ ಮೂಳೆಗಳು ಸಾಲಾಗಿ ಮಲಗಿದ್ದವು. ಮಕ್ಕಳ ಕೈ ತಾಗಿ ತಾಗಿ ಪಾದದ ಗಂಟು ಮಾತ್ರ ಕಪ್ಪಗೆ ಮಿರುಗುತ್ತಿತ್ತು. ಮುದುಕರ ಬೆರಳು ತಾನಾಗಿ ಅಲ್ಲಿಗೇ ಹೋಯಿತು.

“ಮಲಗಿಸಿಬಿಟ್ರಾ? ಪಾಪ, ನಿಂತೂ ನಿಂತೂ ಸಾಕಾಗಿತ್ತು ಇವನಿಗೆ.” ಗಂಟನ್ನು ಸವರುತ್ತ ಹೇಳಿದರು, “ನಂಗೆ ಹುಟ್ಟಿದಾಗಿಂದ ಕಣ್ಣಿಲ್ಲ. ಚಿಕ್ಕಂದಿನಲ್ಲಿ ಅಣ್ಣ ನನ್ನ ಕೈ ಹಿಡ್ಕೊಂಡು ಇಲ್ಲಿ ಇಟ್ಟ. ಇಲ್ಲೀತನಕ ನಿಂದು, ಇಲ್ಲಿಂದ ಮೇಲೆ ನಂದು ಅಂದ. ಮೇಲಿಂದೆಲ್ಲ ಬಾಯಲ್ಲೇ ಹೇಳೋನು. ಬೆನ್ನು, ಪಕ್ಕೆ ಎಲ್ಲ ಒಂದೊಂದ್ಸಲ ಒಂದೊಂದು ಥರ. ಸುಳ್ಳುಬುರುಕ. ತಲೆ ಮಾತ್ರ ಯಾವತ್ತೂ ಬದಲಾಗಲಿಲ್ಲ.”

“ಹೆಂಗಿದೆ ಅಂತಿದ್ರು?”

ಮುದುಕರು ಮುಖವನ್ನು ಸೂರಿನತ್ತ ಎತ್ತಿದರು. ದನಿಗೆ ಪದ ಹೇಳುವವರ ಎಳೆತ ಬಂತು. “ಮೋಡಕ್ಕೆ ತಾಗೋ ತಲೆ, ಮಂಚದಗಲ ಹಣೆ. ನಾವಿಬ್ರೂ ಕಾಲು ಚಾಚಿ ಮಲಗಿದ್ರೂ ಜಾಗ ಮಿಗುತ್ತೆ ಕಣೋ. ನೀನು ಒಳಗೆ, ನಾನು ಅಂಚಿಗೆ. ಬಿದ್ರೆ ನಾನು ಬೀಳ್ತೀನಿ.”

“ಈಗ ಅಣ್ಣ...?”

“ಬಿದ್ದ. ಈ ಚಳಿಗಾಲ ದಾಟಲಿಲ್ಲ. ಆಸ್ಪತ್ರೆ ಮಂಚ ನೋಡಿ, ಒಬ್ಬರಿಗೇ ಇಕ್ಕಟ್ಟು.”

ಆಕೆಗೆ ಥಟ್ಟನೆ ಹೊಳೆಯಿತು. ಜೀವಮಾನವಿಡೀ ಈ ಮನುಷ್ಯನಿಗೆ ಎಟುಕದ್ದು ಇವತ್ತು ತನ್ನ ಕೈಯಳತೆಯಲ್ಲೇ ಇದೆಯಲ್ಲ! “ಬನ್ನಿ ಸಾರ್, ತಲೆನೂ ಕೆಳಗಿಳಿಸಿದೀವಿ. ಇವತ್ತು ಮೇಲಿಂದೂ ನಿಮ್ದೇ.”

ಮುದುಕರು ಆಕೆಯ ಮೊಣಕೈ ಹಿಡಿದು ಚಿಕ್ಕ ಹುಡುಗನ ಹಾಗೆ ದಾಪುಗಾಲು ಹಾಕಿದರು. ಕಿಟಕಿಯ ಬಳಿ ಆಕೆ ನಿಲ್ಲಿಸಿದಳು. “ಇಲ್ಲೇ ಇದೆ. ಸ್ವಲ್ಪ ಬಗ್ಗಿ.”

“ಬಗ್ಗಬೇಕಾ?”

ಚಾಚಿದ ಕೈಗೆ ಮೊದಲು ಸಿಕ್ಕಿದ್ದು ಮೇಜಿನ ಅಂಚು. ಕೈ ಎಡಕ್ಕೆ ಜಾರಿತು, ಮೂಲೆ ಬಂತು. ಬಲಕ್ಕೆ ಜಾರಿತು, ಅಲ್ಲೂ ಮೂಲೆ. ಶಾಲೆಯ ಹುಡುಗರು ಕೂತು ಓದುವಂಥ ಮೇಜು. ಕಿರುಬೆರಳಿಗೆ ಆಕೆಯ ಟೀ ಲೋಟ ತಾಗಿ ಟಣ್ ಎಂದಿತು.

“ಲೋಟ ಇಡೋಕೂ ಜಾಗ ಇದೆ,” ಎಂದರು ಮುದುಕರು, ಮೆಲ್ಲಗೆ.

ಕುದುರೆಯ ತಲೆಗಿಂತ ದೊಡ್ಡದಲ್ಲದ ಆ ಬುರುಡೆಯನ್ನು ಆಕೆ ವಾರದಿಂದ ಬ್ರಷ್ಷಿನಲ್ಲಿ ಒರೆಸುತ್ತಿದ್ದಳು. ಅದು ಎಷ್ಟು ಚಿಕ್ಕದೆಂದು ಕಂಡದ್ದು ಈಗಲೇ. ಕರೆತಂದಾಗಿತ್ತು; ಅಂಗಲಾಚುವಂತೆ ಅಂದಳು: “ಒಂದೇ ಒಂದ್ಸಲ ಮುಟ್ಟಿ ಸಾರ್. ಗಾಜು ಬಂದ ಮೇಲೆ ಬೇಕು ಅಂದ್ರೂ ಸಿಗಲ್ಲ.”

ಬುರುಡೆಗೂ ಬೆರಳಿಗೂ ನಡುವೆ ಗೇಣುದ್ದ ಗಾಳಿ ಇತ್ತು. ಮುದುಕರು ಕೈಯನ್ನು ಹಿಂದಕ್ಕೆಳೆದು ಕೋಟಿನ ಜೇಬಿನೊಳಗೆ ಇಳಿಸಿಕೊಂಡರು.

“ಇಲ್ಲ ತಾಯಿ, ಮುಟ್ಟೋದಿಲ್ಲ. ಮುಟ್ಟಿದ್ರೆ ನಾವಿಬ್ರೂ ಮಲಗೋದೆಲ್ಲಿ?”