ಕೈ ಒಣಗುವ ತನಕ

"ಕೈ ಉಜ್ಜಿದ್ದು ಸಾಕು ಬಿಡೇ, ಮಗೂನ ಮುಟ್ಟು!" ತನಗೆ ಜ್ವರವಿದೆಯೆಂದು ಬಾಗಿಲಲ್ಲೇ ತಡೆದಿದ್ದ ಗಾಲಿಕುರ್ಚಿಯಿಂದ ತಾಯಿ ಕಿರುಚಿದಳು. ಗಾಜಿನ ಪೆಟ್ಟಿಗೆಯೊಳಗೆ, ದಿನ ತುಂಬದೆ ಹುಟ್ಟಿದ ಮಗು ಮತ್ತೆ ಉಸಿರಾಡುವುದನ್ನು ಮರೆತಿತ್ತು; ಯಾರಾದರೂ ಮುಟ್ಟಿ ತಟ್ಟಿದರೆ ಉಸಿರು ಮರಳುತ್ತಿತ್ತು. ಮಾನಿಟರ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಇದರ ಜೊತೆ ಹುಟ್ಟಿದ ಅವಳಿ ಮಗು ಮೊನ್ನೆಯಷ್ಟೇ ಸೋಂಕು ತಗುಲಿ ತೀರಿಕೊಂಡಿತ್ತು.

ಪಕ್ಕದ ಮಗುವಿನ ಬಟ್ಟೆ ಬದಲಿಸುತ್ತಿದ್ದ ಕಿರಿಯ ನರ್ಸ್ ಓಡಿಬಂದು, ಸ್ಯಾನಿಟೈಸರ್ ಬಾಟಲಿ ಒತ್ತಿ ಕೈ ಉಜ್ಜಿಕೊಳ್ಳತೊಡಗಿದ್ದಳು. ಅಂಗೈ, ಹಿಂಗೈ, ಬೆರಳ ಸಂದು. ಇದೇ ವಾರ್ಡಿನ ಹಿರಿಯ ನರ್ಸ್ ಆಗಿದ್ದ ಈ ತಾಯಿಯೇ ಬೈದು ಬೈದು ಅವಳಿಗೆ ಕಲಿಸಿದ ಕ್ರಮ ಅದು.

"ಆಯ್ತು ಅಕ್ಕಾ, ಒಂದೇ ಒಂದು ನಿಮಿಷ..."

"ನಿಮಿಷ ಎಲ್ಲಿದೆಯೇ? ತುಟಿ ನೋಡು, ನೀಲಿಗಟ್ತಾ ಇದೆ! ನಿನ್ನ ಕಾಲಿಗೆ ಬೀಳ್ತೀನಿ, ಮುಟ್ಟೇ!"

ಆ ಮಾತಿಗೆ ಹುಡುಗಿ ಉಜ್ಜುವುದನ್ನು ಅರ್ಧಕ್ಕೇ ಬಿಟ್ಟು, ಪೆಟ್ಟಿಗೆಯ ಕಿಂಡಿ ತೆರೆದು ಕೈ ಒಳಗಿಡಹೋದಳು. ತಾಯಿಯ ಕಣ್ಣು ಮಗುವಿನ ತುಟಿಯನ್ನು ಬಿಟ್ಟು ಆ ಕೈಯ ಮೇಲೆ ನಿಂತಿತು.

"ತಡಿ!" ತಾಯಿ ಕೂಗಿದಳು. "ಹೆಬ್ಬೆರಳು ಉಜ್ಜೋದು ಬಿಟ್ಟೆ."