ರೆಪ್ಪೆ ಮಿಟುಕಿಸಿದರೆ

ಇಪ್ಪತ್ತು ಮುಖದ ದಾಳವನ್ನು ಎಲ್ಲಿ ಕಂಡರೂ ನನಗೆ ಇಂದಿಗೂ ಒಣಸಿಗಡಿಯ ವಾಸನೆ ಬರುತ್ತದೆ.

ಅಂದು ಮಧ್ಯಾಹ್ನ ಶಿರ್ವದ ನಮ್ಮ ಜಗಲಿಯಲ್ಲಿ ಅಮ್ಮ ಒಣಸಿಗಡಿ, ಹಲಸಿನ ಹಪ್ಪಳಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದಳು. ಅವಳ ರಜೆ ಮುಗಿದಿತ್ತು, ಕುವೈಟಿನ ಆಸ್ಪತ್ರೆಯ ಕೆಲಸಕ್ಕೆ ಮರಳಬೇಕಿತ್ತು. ಪಕ್ಕದಲ್ಲೇ ನಾನೂ ಅಣ್ಣನೂ ಅವಳು ತಂದುಕೊಟ್ಟ ದಾಳದ ಆಟ ಆಡುತ್ತಿದ್ದೆವು. ಅಣ್ಣ ಕಥೆ ನಡೆಸುವವನು, ನಾನು ಮಂತ್ರವಾದಿ. ಕಥೆಯೊಳಗೆ ಸೇತುವೆ ದಾಟುವ ಗೆಳೆಯನಿಗೆ ರಕ್ಷೆಯ ಮಂತ್ರ ಹಾಕಿದ್ದೆ. ಹಾಕಿದವರು ನೋಡುತ್ತಿರುವವರೆಗೆ ಮಾತ್ರ ರಕ್ಷೆ ಎಂದು ನಿಯಮದ ಪುಸ್ತಕ ಹೇಳುತ್ತಿತ್ತು.

"ರೆಪ್ಪೆ ಮಿಟುಕಿಸಿದರೆ?" ಎಂದೆ.

"ಹೋಯ್ತು. ಗೆಳೆಯ ಸತ್ತ," ಎಂದ ಅಣ್ಣ.

"ಪುಸ್ತಕದಲ್ಲಿ ಹಾಗೆ ಎಲ್ಲಿ ಉಂಟು?"

"ಇಲ್ಲ ಅಂತಲೂ ಇಲ್ಲ ಮಾರಾಯ್ತಿ. ಮಿಟುಕಿಸುವಾಗ ನಿನಗೆ ಎಂತ ಕಾಣ್ತದೆ?"

"ಜಗಳ ಸಾಕು, ಕಾರು ಬಂತು," ಎಂದರು ಅಜ್ಜಿ. "ಅಮ್ಮ ಹೊರಡುವಾಗ ಅಳಲಿಕ್ಕಿಲ್ಲ, ಆಯ್ತಾ?"

ನಾನು ಅಳಲಿಲ್ಲ. ಗೇಟಿನ ಬಳಿ ನಿಂತು ಕಾರನ್ನೇ ನೋಡಿದೆ. ಕಣ್ಣು ಉರಿಯಿತು, ನೀರು ತುಂಬಿತು; ಕಾರು ತಿರುವು ತಲುಪುವ ಮೊದಲೇ ರೆಪ್ಪೆ ತಾನಾಗಿ ಬಡಿಯಿತು.

"ಅಣ್ಣ, ಒಂದು ಸಲ ಮಿಟುಕಿಸಿದರೆ ಅಡ್ಡಿಯಿಲ್ಲ ಅಲ್ವಾ?"

ಕಾರು ಮರೆಯಾಗಿ ಎಷ್ಟೋ ಹೊತ್ತಾಗಿದ್ದರೂ ಅಣ್ಣ ಕಣ್ಣರಳಿಸಿಕೊಂಡು, ಮಿಟುಕಿಸದೆ, ಖಾಲಿ ರಸ್ತೆಯನ್ನೇ ನೋಡುತ್ತಿದ್ದ.